ಮರವಂತೆಯಲ್ಲಿ ನಡುಗುವ ಗಾಡಿ

ತ್ರಾಸಿ ದಾಟಿ ರಸ್ತೆ ಕಡಲಿನ ಮಗ್ಗುಲಿಗೆ ಬಂತೆಂದರೆ ವನಜ ಮಾತು ನಿಲ್ಲಿಸುತ್ತಿದ್ದಳು. ಸೆರಗಿಗೆ ಕೈ ಒರೆಸಿಕೊಂಡು, ಡ್ಯಾಶ್‌ಬೋರ್ಡಿನಲ್ಲಿ ಮರವಂತೆಯ ದೇವರು ಮಾರಸ್ವಾಮಿಯ ಪಟ ಅಂಟಿಸಿದ್ದ ಜಾಗದ ಪಕ್ಕದಲ್ಲಿ, ಮಲಗಿದ ಮಗುವಿನ ಬೆನ್ನ ಮೇಲೆ ಇಟ್ಟ ಹಾಗೆ ಅಂಗೈಯನ್ನು ಇಡುತ್ತಿದ್ದಳು. ಹಿಂದಿನ ಸೀಟಿನ ಗುಲಾಬಿ, ಅವಳ ಜೊತೆ ಮೀನು ಮಾರುವವಳು, ಬಾಯಿಗೆ ಬೀಗವಿಲ್ಲದ ಹೆಂಗಸು. ಅವಳೂ ಅಷ್ಟು ದೂರ ಸುಮ್ಮನಿರುತ್ತಿದ್ದಳು. ಒಂದು ಬದಿ ಸೌಪರ್ಣಿಕೆ ಹೊಳೆ, ಒಂದು ಬದಿ ಕಡಲು, ನಡುವೆ ಏರಿಲ್ಲದ ತಗ್ಗಿಲ್ಲದ ರಸ್ತೆ. ಗಾಡಿ ಓಡಿಸುವ ವನಜಳ ಗಂಡ ಪಾಂಡು ಪೆಡಲಿನ ಮೇಲೆ ತನ್ನ ಬಲಗಾಲನ್ನು ಒಂದು ಹದಕ್ಕೆ ತರುತ್ತಿದ್ದ. ಆಗ ಗಾಡಿ ನಡುಗುತ್ತಿತ್ತು.

ದೊಡ್ಡ ನಡುಕವೇನಲ್ಲ. ರಸ್ತೆಯಂಚಿನ ಉಬ್ಬುಗೆರೆಗಳ ಮೇಲೆ ಚಕ್ರ ಹತ್ತಿದಾಗ ಮೈಗೆ ಬರುತ್ತದಲ್ಲ, ಅಂಥ ಸಣ್ಣ ಜುಮುಜುಮು. ನಾಲ್ಕು ಉಸಿರಿನಷ್ಟು ಹೊತ್ತು ಇದ್ದು ಹೋಗುತ್ತಿತ್ತು.

"ಬಂದ," ಎನ್ನುತ್ತಿದ್ದಳು ವನಜ. "ಮಗ ಬಂದ."

ಮಗ ಎಂದರೆ ಸುಜನ್. ಹೋದ ವರ್ಷದ ಮಳೆಗಾಲದಲ್ಲಿ, ದೊಡ್ಡ ಬೋಟುಗಳೆಲ್ಲ ಬಂದರಿನಲ್ಲಿ ಕಟ್ಟಿ ನಿಂತಿದ್ದ ದಿನಗಳಲ್ಲಿ, ಅವನು ನಾಡದೋಣಿಯವರ ಜೊತೆ ಹೋಗಿದ್ದ. ಮರವಂತೆಯ ಎದುರಿಗೆ, ತೆರೆ ಒಡೆಯುವ ಕಡೆಯಲ್ಲಿ, ದೋಣಿ ಮಗುಚಿತು. ಜೊತೆಗಿದ್ದವರು ಈಜಿ ದಡಕ್ಕೆ ಬಿದ್ದರು. ಅವರಲ್ಲೊಬ್ಬ ಮರಳಿನ ಮೇಲೆ ಕುಳಿತು ತನ್ನ ಬಲಗೈಯನ್ನೇ ನೋಡುತ್ತ, "ಕೈ ಸಿಕ್ಕಿತ್ತ್, ಹಿಡ್ಕಂಡಿದ್ದೆ, ಜಾರ್ತ್," ಎಂದು ಮತ್ತೆ ಮತ್ತೆ ಹೇಳಿದ್ದನ್ನು ಗಂಡಹೆಂಡತಿ ಇಬ್ಬರೂ ನಿಂತು ಕೇಳಿದ್ದರು. ಊರವರು ಉತ್ತರಕ್ಕೆ ಬೈಂದೂರಿನ ತನಕ, ದಕ್ಷಿಣಕ್ಕೆ ಗಂಗೊಳ್ಳಿಯ ಅಳಿವೆಯ ತನಕ ದಡ ಹುಡುಕಿದರು. ಸುಜನ್ ಸಿಗಲಿಲ್ಲ.

ದೇಹ ಸಿಗದಿದ್ದವರಿಗೆ ದರ್ಭೆಯ ಬೊಂಬೆ ಮಾಡಿ ಕ್ರಿಯೆ ಮುಗಿಸುವ ಪದ್ಧತಿ ಉಂಟು. ಅದಾದ ಮೇಲೆ ಮನೆಯ ಹಿರಿಯರ ಸಾಲಿನಲ್ಲಿ ಅವರಿಗೂ ಒಂದು ಎಲೆ ಹಾಕಿ, ಇಷ್ಟವಾದದ್ದನ್ನೆಲ್ಲ ಬಡಿಸಿ, ಬಾಗಿಲು ಎಳೆದು ಹೊರಗೆ ಕುಳಿತು ಕಾಯುತ್ತಾರೆ. ತೀರಿಹೋದವರು ಒಳಗೆ ಬಂದು ಉಂಡು ಹೋಗುತ್ತಾರೆ. ಪಾಂಡುವಿನ ಅಣ್ಣ ಚಂದಯ್ಯ, ಕುಟುಂಬಕ್ಕೆ ಹಿರಿಯ, ಎರಡು ಸಲ ಬಂದು ಕುಳಿತು ಈ ಮಾತು ಎತ್ತಿದ.

"ಹುಲ್ಲಿನ ಬೊಂಬಿ ನನ್ ಮಗ ಅಲ್ಲ ಭಾವ," ಎಂದಳು ವನಜ. "ಮುಖ ಕಾಣದೆ ಸತ್ತ ಅಂದ್ಹೇಳಿ ನಾನ್ ಹ್ಯಾಂಗೆ ಬಡ್ಸುದು?"

ಎರಡನೆಯ ಸಲ ಅವಳ ದನಿ ಕೇಳಿ ಚಂದಯ್ಯ ಅರ್ಧ ಕುಡಿದ ಚಹಾ ಇಟ್ಟು ಎದ್ದುಹೋದ.

ಗಾಡಿಯೂ ಸುಜನನದೇ. ಪಾಂಡು ವಯಸ್ಸಿನಲ್ಲಿ ಮೀನಿನ ಲಾರಿ ಹೊಡೆದವನು. ಕೇರಳದ ಕಡೆಗೆ, ಗೋವೆಯ ಕಡೆಗೆ, ಐಸು ಕರಗುವ ಮೊದಲು ಮುಟ್ಟಿಸಬೇಕೆಂದು ನಿದ್ದೆಗೆಟ್ಟು ಓಡಿಸಿದವನು. ಬೋಟಿನ ಹಗ್ಗಕ್ಕೆ ಸಿಕ್ಕಿ ಎಡ ಮೊಣಕಾಲು ಜಜ್ಜಿಹೋದ ಮೇಲೆ ಕ್ಲಚ್ಚು ಒತ್ತಲು ಆಗದೆ ಜಗಲಿ ಹಿಡಿದ. ಜಗಲಿಯಲ್ಲಿ ಕುಳಿತ ಅಪ್ಪನನ್ನು ಒಂದು ಮಳೆಗಾಲ ನೋಡಿದ ಮಗ, ಬ್ರಹ್ಮಾವರದಲ್ಲಿ ಯಾರೋ ಮಾರುತ್ತಿದ್ದ ಈ ಪಿಕಪ್ ಟ್ರಕ್ಕನ್ನು ಹುಡುಕಿ ತಂದು ಅಂಗಳದಲ್ಲಿ ನಿಲ್ಲಿಸಿದ. ಆಟೋಮ್ಯಾಟಿಕ್ ಗೇರು. ಮುಂದೆ ಮನೆಯವರು ಕೂರಬಹುದು, ಹಿಂದೆ ಮೀನಿನ ಕ್ರೇಟು ಇಡಬಹುದು.

"ಹತ್ತಿ ಅಪ್ಪಯ್ಯ," ಎಂದಿದ್ದ. "ಇದಕ್ಕೆ ಎಡಗಾಲಿನ ಕೆಲ್ಸವೇ ಇಲ್ಲೆ."

ಆ ದಿನ ಪಾಂಡು ಉಪ್ಪುಂದದ ತನಕ ಒಬ್ಬನೇ ಹೋಗಿ ಬಂದಿದ್ದ. ಬಂದವನು ಯಾರೊಡನೆಯೂ ಮಾತಾಡದೆ ಬಾವಿಕಟ್ಟೆಯ ಹತ್ತಿರ ಬಹಳ ಹೊತ್ತು ಮುಖ ತೊಳೆದಿದ್ದ.

ಅಂದಿನಿಂದ ದಿನಚರಿ ಒಂದೇ. ನಸುಕಿಗೆ ಕೊಡೇರಿಯ ಮನೆಯಿಂದ ಹೊರಟು, ಮರವಂತೆ ದಾಟಿ, ಗಂಗೊಳ್ಳಿ ಬಂದರಿನಲ್ಲಿ ಮೀನು ತುಂಬಿಸಿ, ಹೆಮ್ಮಾಡಿ, ವಂಡ್ಸೆ ಎಂದು ಒಳಗೊಳಗೆ ಹೋಗಿ ಕೆರಾಡಿಯ ಕಾಡಿನಂಚಿನ ಮನೆಗಳಿಗೆ ಮುಟ್ಟಿಸುವುದು. ವನಜ, ಗುಲಾಬಿ ಮನೆ ಮನೆಗೆ ಬುಟ್ಟಿ ಹೊರುವರು. ಮಧ್ಯಾಹ್ನ ಅದೇ ದಾರಿಯಲ್ಲಿ ವಾಪಸು. ಹೋಗುವಾಗ ಹೊಳೆ ಪಕ್ಕ, ಬರುವಾಗ ಕಡಲ ಪಕ್ಕ.

ಸುಜನ್ ಹೋದ ಮೇಲೆ ನಿಂತಿದ್ದ ಗಾಡಿ ಮತ್ತೆ ರಸ್ತೆಗೆ ಇಳಿದ ಕೆಲವು ದಿನಕ್ಕೆ, ಬರುವ ದಾರಿಯಲ್ಲಿ, ಸರಿಯಾಗಿ ದೋಣಿ ಮಗುಚಿದ ಜಾಗದ ಎದುರಿಗೆ, ಅದು ಮೊದಲ ಸಲ ನಡುಗಿತು.

"ಹ್ವಾಯ್," ಎಂದಳು ವನಜ, ಉಸಿರು ಹಿಡಿದುಕೊಂಡು. "ನಿಮ್ಗೆ ಗೊತ್ತಾಯ್ತಾ?"

ಆ ಸೀಮೆಯಲ್ಲಿ ನಡುಕಕ್ಕೆ ಅರ್ಥ ಹೇಳಿಕೊಡಬೇಕಾಗಿಲ್ಲ. ದೈವ ಮೈಮೇಲೆ ಬರುವಾಗ ಪಾತ್ರಿಯ ಮೈ ಮೊದಲು ಹೀಗೆಯೇ ಸಣ್ಣಗೆ, ಒಳಗಿನಿಂದ, ನಡುಗಲು ತೊಡಗುತ್ತದೆ. ಅದನ್ನು ಕಂಡವರು ಮಾತು ನಿಲ್ಲಿಸಿ ಕೈಮುಗಿಯುತ್ತಾರೆ. ವನಜ ತೊಟ್ಟಿಲಿನಿಂದ ಇಳಿದ ದಿನದಿಂದ ಕಂಡದ್ದು ಅದನ್ನೇ.

ಪಾಂಡುವಿಗೆ ಗೊತ್ತಾಗಿತ್ತು. ಗೇರು ಪೆಟ್ಟಿಗೆಯೊಳಗೆ ಏನೋ ಕೆಟ್ಟಿದೆ ಎಂಬುದು ಅವನಿಗೆ ಸೀಟಿನ ಕೆಳಗಿನಿಂದಲೇ ತಿಳಿದಿತ್ತು. ಆದರೆ ಆ ಮಧ್ಯಾಹ್ನ ಮನೆಗೆ ಬಂದ ವನಜ, ತಿಂಗಳುಗಳ ನಂತರ, ತಾನಾಗಿಯೇ ತಟ್ಟೆ ಹಾಕಿಕೊಂಡು ಉಂಡಳು. ಮೀನಿನ ಮುಳ್ಳನ್ನು ತಟ್ಟೆಯಂಚಿಗೆ ಸಾಲಾಗಿ ಇಟ್ಟಳು, ಮೊದಲಿನ ಹಾಗೆ. ಅವನು ಬಾಗಿಲಿನಲ್ಲಿ ನಿಂತು ಅದನ್ನು ನೋಡಿದ. ಹೇಳಬೇಕೆಂದಿದ್ದ ಮಾತನ್ನು ನುಂಗಿಕೊಂಡ.

ಅವಳು ಕಾಣದಾಗ ಮುಂದಿನ ಚಕ್ರ ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿಸಿ ನೋಡಿದ. ಗಾಡಿಯ ಅಡಿಗೆ ತೆವಳಿ ಗೇರಿನಿಂದ ಹಿಂದಕ್ಕೆ ಹೋಗುವ ದಂಡವನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿದ. ಅಲ್ಲೇನೂ ಇರಲಿಲ್ಲ. ಕೆರಾಡಿಯ ಚಡಾವಿನಲ್ಲಿ, ಏರು ಹತ್ತುವಾಗ, ಪೆಡಲು ಒತ್ತಿ ಹಿಡಿದರೆ ನಡುಕವಿಲ್ಲ. ಸಮ ರಸ್ತೆಯಲ್ಲಿ, ಐವತ್ತು ಅರವತ್ತರ ನಡುವೆ, ಕಾಲು ಹಗುರವಾಗಿಟ್ಟರೆ ಮಾತ್ರ. ಒಮ್ಮೆ ಅಷ್ಟು ತಿಳಿದ ಮೇಲೆ ಅವನ ಬಲಗಾಲು ತಾನೇ ಕಲಿತುಬಿಟ್ಟಿತು. ಮರವಂತೆಯಲ್ಲಿ ಎಷ್ಟು ಒತ್ತಿದರೆ ನಡುಕ ಬರುತ್ತದೆ ಎಂಬುದನ್ನು ಅದು, ಉಪ್ಪು ಹಾಕುವ ಕೈಯ ಹಾಗೆ, ಅಳತೆಯಿಲ್ಲದೆ ಅರಿತಿತ್ತು. ದೇವರ ಮುಂದೆ ದೀಪ ಹಚ್ಚುವಷ್ಟೇ ನಿಷ್ಠೆಯಿಂದ ಅವನು ದಿನಾ ಎರಡು ಹೊತ್ತು ಹೆಂಡತಿಗೆ ಆ ನಡುಕವನ್ನು ತಂದುಕೊಡುತ್ತಿದ್ದ. ಮಾರಸ್ವಾಮಿಯ ಗುಡಿಯೆದುರು ದಾಟುವಾಗ ಮಾತ್ರ ಅವನ ತಲೆ ತಗ್ಗುತ್ತಿತ್ತು.

ಹೀಗೆಯೇ ನಡೆದುಹೋಗುತ್ತಿತ್ತೋ ಏನೋ. ಆದರೆ ಕೆಟ್ಟದ್ದು ಕೆಟ್ಟಲ್ಲೇ ನಿಲ್ಲಲಿಲ್ಲ. ಈ ಮಳೆಗಾಲ ಕಳೆಯುವ ಹೊತ್ತಿಗೆ ನಡುಕ ಹೆಮ್ಮಾಡಿಯಲ್ಲೂ ಬಂತು. ಆಮೇಲೆ ವಂಡ್ಸೆಯ ಗದ್ದೆಬಯಲಿನಲ್ಲಿ. ಪಾಂಡು ಕಾಲು ಬಿಗಿದರೂ, ಸಡಿಲಿಸಿದರೂ, ಬೇಡವೆಂದರೂ ಬಂತು.

ಮೊದಮೊದಲು ವನಜ ಬೆರಗಾದಳು. ಆಮೇಲೆ ಅವಳ ಮುಖ ಕಪ್ಪಿಟ್ಟಿತು.

"ಅಲ್ಲಾ ಗುಲಾಬಿ, ಮರವಂತೆಗೆ ಬಪ್ಪುದ್ ಸಮ. ಅವ ಹೋದ ಜಾಗ. ಇಲ್ಲೆಲ್ಲ ಎಂತಕ್ಕೆ ಬತ್ತ?"

"ಅಮ್ಮ ಹೋಪಲ್ಲಿಗೆಲ್ಲ ಬತ್ನೋ ಏನೋ," ಎಂದಳು ಗುಲಾಬಿ. "ಸಣ್ಣಾಗಿಪ್ಪತಿಗೂ ನಿನ್ ಸೆರ್ಗ್ ಬಿಟ್ಟವ ಅಲ್ಲ ಅವ. ನನ್ ಬುಟ್ಟಿಯಿಂದ ಸಿಗಡಿ ಕದ್ದ್ ನಿನ್ ಹಿಂದೆ ಅಡ್ಗುವವ."

ವನಜ ನಗಲಿಲ್ಲ. "ಅಲ್ಲ. ಅವ್ನಿಗೆ ಜಾಗ ಸಿಕ್ಲಿಲ್ಲೆ. ಅಲೀತಾ ಇದ್ದ. ಅಲ್ಲೂ ಇಲ್ಲೆ, ಇಲ್ಲೂ ಇಲ್ಲೆ. ಹಸಿದ್ ಅಲೀತಾ ಇದ್ದ."

ಅವಳು ಮತ್ತೆ ತಟ್ಟೆ ಬಿಟ್ಟಳು. ಕೆರಾಡಿಯಲ್ಲಿ ಒಂದು ದಿನ, ಮನೆಯೊಂದರ ಬೇಲಿಯ ದಣಪೆಯ ಎದುರಿನಿಂದ ಪಕ್ಕದ ಮನೆಗೆ ಸರಿಸಲೆಂದು ಪಾಂಡು ಹೊರಡಿಸಿದಾಗ ಗಾಡಿ ಒಮ್ಮೆಲೇ ತಲೆಯಿಂದ ಬುಡದ ತನಕ ಅದುರಿತು. ತಕ್ಕಡಿ ಹಿಡಿದಿದ್ದ ವನಜ ರಸ್ತೆಯಲ್ಲೇ ಕುಸಿದು ಕುಳಿತು, "ಹಸಿವಾತ್ತಾ ಮಗ? ಹಸಿವಾತ್ತಾ?" ಎಂದು ಗಾಡಿಯ ಬಾಗಿಲನ್ನು ಸವರತೊಡಗಿದಳು. ಮೀನು ಕೊಳ್ಳಲು ಬಂದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಮಾರನೆಯ ದಿನ ಪಾಂಡು ಬಂದರಿಗೆ ಹೋಗಲಿಲ್ಲ. ಗಾಡಿಯನ್ನು ತಲ್ಲೂರಿನ ಸುಧಾಕರನ ಗ್ಯಾರೇಜಿಗೆ ತಿರುಗಿಸಿದ. "ನಾನೂ ಬತ್ತೆ," ಎಂದು ವನಜ ಹತ್ತಿ ಕುಳಿತಳು. 

ಸುಧಾಕರ ಮುಂಬಯಿಯ ಗ್ಯಾರೇಜುಗಳಲ್ಲಿ ಕೈ ಪಳಗಿಸಿ ಊರಿಗೆ ಬಂದವನು. ಮಾತಿನ ಮಲ್ಲ.

"ಪಾಂಡಣ್ಣ! ಗಾಡಿ ಕಾಂಬುಕೆ ಮೊದ್ಲೇ ಮೂಗಿಗೆ ಗುರ್ತ್ ಸಿಕ್ತ್ ಕಾಣಿ. ವನಜಕ್ಕನೂ ಬಂದಿರ್ಯಾ, ಬನ್ನಿ ಕೂಕಣಿ. ಎಂತ ಆಯ್ತ್?"

"ನಡುಗ್ತ್," ಎಂದ ಪಾಂಡು.

"ನಿಂತಲ್ಲಿಯಾ, ಹೋಪತಿಗಾ?"

"ಹೋಪತಿಗೆ. ಸಮ ರಸ್ತೆಗೆ, ಕಾಲ್ ಹಗುರ ಇಟ್ರೆ. ಚಡಾವಿಗೆ ಒತ್ತಿ ಕೊಟ್ರೆ ಇಲ್ಲೆ."

"ಅರ್ಧ ಡಾಕ್ಟ್ರು ನೀವೇ ಆಯ್ರಿ, ಇನ್ನ್ ನಾನ್ ಎಂತಕ್ಕೆ? ಎಷ್ಟ್ ಸಮಯದಿಂದ?"

ಪಾಂಡು ಹೆಂಡತಿಯ ಕಡೆ ನೋಡಲಿಲ್ಲ. "ಸುಮಾರ್ ಸಮಯ ಆಯ್ತ್."

"ಇಷ್ಟ್ ಸಮಯ ಇಟ್ಕಂಡ್ ಕೂಕಂಡ್ರಿಯಾ ಮಾರಾಯ್ರೆ! ಗೇರಿನ ಎಣ್ಣೆ ಯಾವಾಗ ಬದ್ಲ್ ಮಾಡಿದ್?"

"ಮಾಡ್ಲೇ ಇಲ್ಲೆ. ಕೊಟ್ಟವ ಹೇಳಿದ್ದ, ಇದಕ್ಕೆ ಜನ್ಮಕ್ಕೆ ಒಂದೇ ಎಣ್ಣೆ ಅಂದ್ಹೇಳಿ."

"ಜನ್ಮ ಅಂದ್ರೆ ಯಾರ್ ಜನ್ಮ ಅಂತ ಕೇಂಬುಕಿಲ್ಯಾ?" ಸುಧಾಕರ ತಾನೇ ನಕ್ಕು, ಸಣ್ಣ ಸ್ಕ್ಯಾನರ್ ಒಂದನ್ನು ಸ್ಟೇರಿಂಗಿನ ಕೆಳಗೆ ಸಿಕ್ಕಿಸಿದ. ಅದರಲ್ಲಿ ತಪ್ಪು ಯಾವುದೂ ಬರೆದಿರಲಿಲ್ಲ. "ಇದ್ ಹೇಳುದಿಲ್ಲ. ಓಡ್ಸಿಯೇ ಕಾಣ್ಕ್. ಸಮ ರಸ್ತೆ ಬೇಕ್. ಮರವಂತೆಗೆ ಹೋಪ, ಅದಕ್ಕಿಂತ ಸಮ ಎಲ್ಲಿತ್ತ್?"

"ಇಲ್ಲೇ ಹೆಮ್ಮಾಡಿ ಹತ್ರ..." ಎಂದ ಪಾಂಡು.

"ಮರವಂತೆಗೇ ಹೋಪ," ಎಂದಳು ವನಜ.

ಸುಧಾಕರ ಸ್ಟೇರಿಂಗು ಹಿಡಿದ. ಪಾಂಡು ಪಕ್ಕದಲ್ಲಿ, ವನಜ ಹಿಂದೆ. ತ್ರಾಸಿ ದಾಟಿದ್ದೇ ಅವಳು ಎರಡು ಸೀಟಿನ ನಡುವಿನಿಂದ ಕೈ ಚಾಚಿ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟಳು. ಅದನ್ನು ಕಂಡ ಸುಧಾಕರ, ಅವಳಿಗೂ ನಡುಕದ ಪರೀಕ್ಷೆ ಮಾಡುವ ಆಸೆ ಎಂದುಕೊಂಡು ಖುಷಿಪಟ್ಟ.

"ಹಾಂ, ಹಾಂಗೆ ಕೈ ಇಡಿ ವನಜಕ್ಕ. ಈಗ ಕಾಣಿ."

ಗಾಡಿ ನಡುಗಿತು. ಅವಳ ತುಟಿ ಅಲುಗಿತು.

"ಬಂತಾ? ಈಗ ಕಾಣಿ." ಸುಧಾಕರ ಬಲಗಾಲನ್ನು ಇದ್ದಲ್ಲೇ ಇಟ್ಟು, ಎಡಗಾಲಿನ ತುದಿಯಿಂದ ಬ್ರೇಕನ್ನು ಮುಟ್ಟಿದರೂ ಮುಟ್ಟದ ಹಾಗೆ ಮುಟ್ಟಿದ. ಗಾಡಿಯ ವೇಗ ಕಡಿಮೆಯಾಗಲಿಲ್ಲ. ಹಿಂದಿನ ಕೆಂಪು ದೀಪ ಹೊತ್ತಿರಬೇಕು, ಅಷ್ಟೆ. ನಡುಕ ಮಾತ್ರ ಯಾರೋ ಊದಿದ ದೀಪದಂತೆ ನಿಂತುಹೋಯಿತು. "ಹೋಯ್ತ್." ಎಡಗಾಲು ತೆಗೆದ. ಒಂದು ಗಳಿಗೆ ಸುಮ್ಮನಿದ್ದು ಮತ್ತೆ ನಡುಕ. "ಬಂತ್." ಮತ್ತೆ ಮುಟ್ಟಿದ. "ಹೋಯ್ತ್. ಬಾ ಅಂದ್ರೆ ಬತ್ತ್, ಹೋಗ್ ಅಂದ್ರೆ ಹೋತ್ತ್. ಇನ್ನೆಂತ ಸಾಕ್ಷಿ ಬೇಕ್ ಪಾಂಡಣ್ಣ?"

"ಸಾಕ್ ಸುಧಾಕರ."

"ಇನ್ನೊಂದ್ಸಲ ಕಾಣಿ..."

"ಸಾಕ್ ಅಂದೆ!"

ಪಾಂಡುವಿನ ದನಿ ಗಾಡಿಯೊಳಗೆ ಬಡಿದು ನಿಂತಿತು. ಹೊರಗೆ ಕಡಲು ತಡೆಗಲ್ಲುಗಳ ಮೇಲೆ ಒಡೆಯುತ್ತಿತ್ತು. ಚಾಚಿದ ಕೈಯನ್ನು ವನಜ ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡಳು.

"ಸುಧಾಕರ," ಎಂದಳು, ಸ್ವಲ್ಪ ದೂರ ಹೋದ ಮೇಲೆ. "ಅದ್ ಮೊದಲ್ ಇಲ್ಲೇ ಬಂತಲೆ. ಬೇರೆಲ್ಲೂ ಇರ್ಲಿಲ್ಲೆ. ಎಂತಕ್ಕೆ?"

"ಇಲ್ಲಿ ರಸ್ತೆ ಸಮ ಇತ್ತಲೆ ವನಜಕ್ಕ. ತಿರ್ಗಾಸ್ ಇಲ್ಲೆ, ಚಡಾವ್ ಇಲ್ಲೆ. ಇಂಜಿನ್ನಿಗೂ ಗೇರಿಗೂ ನಡುವೆ ಎಣ್ಣೆ ತುಂಬಿದ ಒಂದ್ ಗಡ್ಗೆ ಇತ್ತ್ ಅಂತ ತಿಳ್ಕಣಿ. ಎಣ್ಣೆಯೇ ಇತ್ಲಾಗಿನ ಜೋರನ್ನ ಅತ್ಲಾಗೆ ಮುಟ್ಸುದು. ಗಾಡಿ ಆರಾಮದಲ್ಲಿ ಹೋಪತಿಗೆ, ಒಳಗೊಂದ್ ಪ್ಲೇಟ್ ಬಂದ್ ಎರಡನ್ನೂ ಕೈ ಹಿಡ್ಸುತ್ತ್, ಬ್ರೇಕ್ ಮುಟ್ರೆ ಬಿಡ್ಸುತ್ತ್. ಎಣ್ಣೆ ಹಾಳಾದ್ರೆ ಆ ಕೈ ಗಟ್ಟಿ ನಿಲ್ಲುದಿಲ್ಲ. ಹಿಡಿತ್ತ್, ಜಾರ್ತ್. ಹಿಡಿತ್ತ್, ಜಾರ್ತ್. ಅದೇ ನಡ್ಕ."

ವನಜ ಕಿಟಕಿಯ ಕಡೆ ಮುಖ ತಿರುಗಿಸಿದಳು.

"ಬೇರೆಂತ ಇಲ್ಯಾ?"

"ಬೇರೆಂತ ಇರ್ತ್?" ಎಂದ ಸುಧಾಕರ, ಕನ್ನಡಿಯಲ್ಲಿ ಅವಳ ಮುಖ ಕಂಡ. ಆಮೇಲೆ ಕಡಲಿನ ಕಡೆ ನೋಡಿದ. ಆ ಜಾಗ, ಆ ಮಳೆಗಾಲ, ಎಲ್ಲ ಅವನಿಗೆ ಒಟ್ಟಿಗೆ ನೆನಪಾಗಿರಬೇಕು. ಅವನು ಗಾಡಿಯನ್ನು ಗ್ಯಾರೇಜಿನ ಕಡೆಗೆ ತಿರುಗಿಸಿದ.

ಗಾಡಿಯನ್ನು ಎತ್ತರದ ಕಬ್ಬಿಣದ ಕಾಲುಗಳ ಮೇಲೆ ಏರಿಸಿ, ಸುಧಾಕರ ಚಹಾ ತರುತ್ತೇನೆಂದು ಹೊರಗೆ ಹೋದ. ಗಂಡಹೆಂಡತಿ ಹಳೆಯ ಸೀಟೊಂದರ ಮೇಲೆ ಕುಳಿತರು.

"ಅಲ್ಲಿ ಬಂದ ಕೂಡ್ಲೇ ನಿಮ್ ಕಾಲ್ ಹಗುರ ಆಪುದ್ ನಾನ್ ಕಂಡಿದ್ದೆ," ಎಂದಳು ವನಜ. "ಮಗ ಬತ್ತ ಅಂದ್ಹೇಳಿ ಗಾಡಿ ಮೆಲ್ಲ ಬಿಡ್ತ್ರಿ ಅಂತ ಎಣ್ಸಿದ್ದೆ."

ಪಾಂಡು ತನ್ನ ಎಡ ಮೊಣಕಾಲನ್ನು ತಿಕ್ಕುತ್ತ ಕುಳಿತ.

"ನನಗೋಸ್ಕರ, ಅಲ್ದಾ?"

 ಅವಳು ಬಯ್ದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಬಯ್ಯಲಿಲ್ಲ. ಅವನ ಅಂಗಿಯ ತೋಳಿಗೆ ಅಂಟಿದ್ದ ಮೀನಿನ ಪರೆಯೊಂದನ್ನು ಉಗುರಿನಿಂದ ಬಿಡಿಸಿ ತೆಗೆದಳು.

ಸುಧಾಕರ ಚಹಾ ಕೊಟ್ಟು, ಈ ಸಲ ತಗ್ಗಿದ ದನಿಯಲ್ಲಿ ಕೇಳಿದ: "ಎಣ್ಣೆ ತೆಗೂದಾ ಪಾಂಡಣ್ಣ? ಬೇಕಾದ್ರೆ ನಾಲ್ಕ್ ದಿನ ಬಿಟ್ಟ್ ಬನ್ನಿ. ಆದ್ರೆ ಹೀಂಗೇ ಓಡ್ಸ್ರೆ ಪ್ಲೇಟ್ ಸವೀತ್ತ್, ಆ ಹುಡಿ ಪೆಟ್ಗಿ ಇಡೀ ಹೋತ್ತ್. ಮತ್ತೆ ಗಾಡಿ ಎದ್ದ್ ನಿಲ್ಲುದಿಲ್ಲ."

ಪಾಂಡು ಹೆಂಡತಿಯ ಕಡೆ ತಿರುಗಿದ. ಬೇಡವೆಂದು ಅವಳು ಹೇಳಿದರೆ ಈಗಲೇ ಎದ್ದು ಹೋಗಲು ಅವನು ತಯಾರಾಗಿದ್ದ. ಗಾಡಿ ಹೋದರೆ ಹೋಗಲಿ. ಜಗಲಿ ಇದ್ದೇ ಇದೆ.

ವನಜ ಮೇಲೆ ನಿಂತಿದ್ದ ಗಾಡಿಯ ಹೊಟ್ಟೆಯನ್ನೇ ನೋಡುತ್ತಿದ್ದಳು.

"ಮಗ ನಿಮ್ಗೆ ಒಂದ್ ಕಾಲ್ ಕೊಟ್ಟ್ ಹೋದದ್ದ್," ಎಂದಳು. "ನನ್ನ ಆಸಿಗೆ ಅದನ್ನ ಮುರೀಕಾ? ತೆಗಿ ಸುಧಾಕರ."

ಸುಧಾಕರ ಬಿರಡೆ ಬಿಚ್ಚಿದ. ಎಣ್ಣೆ ಕೆಳಗಿಟ್ಟ ತೊಟ್ಟಿಗೆ ಸುರಿಯಿತು, ಬಿಸಿಯಾಗಿ, ಕಪ್ಪಾಗಿ, ಸುಟ್ಟ ವಾಸನೆ ಬೀರುತ್ತ. ಹೊಸ ಎಣ್ಣೆ ಕುಂಕುಮದ ನೀರಿನ ಬಣ್ಣದ್ದು ಎಂದು ಅವನು ಸೀಸೆ ಎತ್ತಿ ತೋರಿಸಿದಾಗ ವನಜ ಎದ್ದು ಬಂದು ತೊಟ್ಟಿಯೊಳಗೆ ಬಗ್ಗಿ ನೋಡಿದಳು. ಕಪ್ಪಿನಲ್ಲಿ ಅವಳ ಮುಖ ಸ್ವಲ್ಪ ಹೊತ್ತು ಅಲ್ಲಾಡಿತು.

"ಇಷ್ಟ್ ದಿನ ಒಳಗೆ ಇದನ್ನೇ ಇಟ್ಕಂಡ್ ಓಡ್ತಾ ಇತ್ತಾ ಪಾಪ."

ಗೇರು ಪೆಟ್ಟಿಗೆಯ ಅಡಿಯ ತಟ್ಟೆ ಕಳಚಿದಾಗ ಅದರೊಳಗಿನ ಅಯಸ್ಕಾಂತದ ಬಿಲ್ಲೆಗಳ ಮೇಲೆ ವಿಭೂತಿ ಕಲಸಿದಂಥ ಬೂದುಬಣ್ಣದ ಅಂಟು ಕೂತಿತ್ತು. ಸುಧಾಕರ ಅದನ್ನು ಬೆರಳುಗಳ ನಡುವೆ ತಿಕ್ಕಿ ನೋಡಿದ. "ಚೂರ್ ಇಲ್ಲೆ, ಬರೀ ಹುಡಿ. ಪ್ಲೇಟ್ ಬದ್ಕಿತ್ತ್." ಬಿಲ್ಲೆಗಳನ್ನು ಒರೆಸಿ, ಎಣ್ಣೆ ಸೋಸುವ ಹೊಸ ಜಾಲರಿ ಕೂರಿಸಿ, ತಟ್ಟೆ ಬಿಗಿದು, ಹೊರಗೆ ಬಂದ ಎಣ್ಣೆಯನ್ನು ಅಳೆದು ಅಷ್ಟೇ ಹೊಸತನ್ನು ಒಳಗೆ ಹಾಕಿದ. ಈ ಪೆಟ್ಟಿಗೆಗೆ ಹೇಳಿದ ಎಣ್ಣೆಯೇ ಆಗಬೇಕು, ಬೇರೆಯದು ಬಿದ್ದರೆ ಮತ್ತೆ ಅದೇ ಗೋಳು ಎಂದ. ಇಂಜಿನ್ ಚಾಲೂ ಮಾಡಿ ಗೇರಿನ ಕೋಲನ್ನು ಒಂದೊಂದೇ ಗೇರಿಗೆ ಹಾಕಿ ತೆಗೆದ.

"ಇದರಲ್ಲಿ ಅರ್ಧ ಮಾತ್ರ ಬದ್ಲ್ ಆಪುದು," ಎಂದ. "ಆ ಗಡ್ಗೆಯೊಳಗಿನ ಹಳತ್ ಹಾಂಗೇ ಇರ್ತ್. ಒಂದ್ ಸುತ್ತ್ ಹೋಯ್ ಬನ್ನಿ. ಹೊಸತಿನೊಟ್ಟಿಗೆ ಬೆರೀಲಿ. ಮತ್ತೊಂದ್ಸಲ ತೆಗೂವ."

ಆ ಸುತ್ತು ಹೋದವರು ಅವರಿಬ್ಬರೇ. ತ್ರಾಸಿ ದಾಟಿತು. ವನಜ ಕೈ ಇಟ್ಟಳು. ಪಾಂಡು ಕಾಲನ್ನು ಹಗುರ ಮಾಡಬೇಕೋ ಬೇಡವೋ ತಿಳಿಯದೆ ಅವಳನ್ನು ನೋಡಿದ.

"ಮಾಡಿ," ಎಂದಳು. "ಒಂದ್ಸಲ."

ಮಾಡಿದ. ಬಂತು. ಆದರೆ ಎಷ್ಟು ಸಣ್ಣಗೆ! ಜ್ವರ ಬಿಟ್ಟ ಮಗುವಿನ ಮೈಯಲ್ಲಿ ಕೊನೆಗೆ ಉಳಿಯುವ ಚಳಿಯಷ್ಟು. ತಿಳಿದು ಇಟ್ಟ ಅಂಗೈಗೆ ಮಾತ್ರ ತಿಳಿಯುವಷ್ಟು. ಅದು ಗೇರಿನ ಎಣ್ಣೆ ಎಂದು ಈಗ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಅವಳು ಬಗ್ಗಿ, ಮಗನ ಕಿವಿ ಅಲ್ಲೇ ಇದೆಯೆಂಬ ಹಾಗೆ, ಏನೋ ಹೇಳಿದಳು. ಆ ಕಡೆಯವರು ಮನೆಯಿಂದ ಯಾರನ್ನು ಕಳಿಸುವಾಗಲೂ 'ಹೋಯ್ ಬಾ' ಎನ್ನುತ್ತಾರೆ, ಬರಿದೆ 'ಹೋಗು' ಎನ್ನುವುದಿಲ್ಲ. ಪಾಂಡುವಿನ ಕಿವಿಗೆ ಬಿದ್ದದ್ದು, "ಹೋಗ್ ಮಗ," ಎಂಬಷ್ಟೇ.

ಗ್ಯಾರೇಜಿನಲ್ಲಿ ಎರಡನೆಯ ಸಲ ಸುರಿದ ಎಣ್ಣೆ ಮೊದಲಿನಷ್ಟು ಕಪ್ಪಿರಲಿಲ್ಲ. ಮತ್ತೆ ಹೊಸತು ಹಾಕಿದ ಸುಧಾಕರ, ಇಂಜಿನ್ ಓಡುತ್ತಿದ್ದಂತೆಯೇ, ಎಣ್ಣೆ ಹದವಾಗಿ ಬಿಸಿಯಾದದ್ದನ್ನು ಸ್ಕ್ಯಾನರಿನಲ್ಲಿ ನೋಡಿಕೊಂಡು ಪಕ್ಕದ ಸಣ್ಣ ಬಿರಡೆ ತೆಗೆದ. ಹೆಚ್ಚಾದದ್ದು ಅಲ್ಲಿಂದ ಹೊರಗೆ ಬರಬೇಕು. ಬಂದು ನಿಂತರೆ ಮಟ್ಟ ಸರಿ. ಕೆಂಪು ಧಾರೆ ಬೀಳುತ್ತ ಬೀಳುತ್ತ ನೂಲಾಯಿತು, ನೂಲು ಕಡಿದು ಹನಿಯಾಯಿತು. ಮೂವರೂ ಅದನ್ನೇ ನೋಡಿದರು. ಜೀವ ಹೋಗುವವರ ಬಾಯಿಗೆ ಒಂದು ಚಮಚ ನೀರು ಬಿಡುವುದು ಹೆತ್ತವರಿಗೂ ಮಕ್ಕಳಿಗೂ ದೇವರು ಕೊಟ್ಟ ಕೊನೆಯ ಕೆಲಸ. ತಮಗೆ ಅದೂ ಸಿಗಲಿಲ್ಲ ಎಂದು ಪಾಂಡುವಿಗೆ ಆ ಹನಿ ನೋಡುತ್ತ ಅನ್ನಿಸಿತು. ವನಜಳಿಗೆ ಏನನ್ನಿಸಿತೋ, ಅವಳು ಕೈ ಜೋಡಿಸಿ ನಿಂತಿದ್ದಳು.

"ಆಯ್ತ್," ಎಂದು ಸುಧಾಕರ ಬಿರಡೆ ಬಿಗಿದ. ಕೈ ಒರೆಸಿಕೊಂಡು ವನಜಳ ಎದುರು ಬಂದು ನಿಂತ. "ವನಜಕ್ಕ, ಬೆಳಿಗ್ಗೆ ನಾನ್ ಎಂತೆಂತದೋ ಹೇಳ್ದೆ. ನಂಗ್ ಗೊತ್ತಾಯ್ಲಿಲ್ಲ."

"ನೀ ಹೇಳಿದ್ದ್ ಒಳ್ಳೇದಾಯ್ತ್ ಮಾರಾಯ," ಎಂದಳು ಅವಳು. "ಅವ ಹಸಿದ್ ಅಲೀತಾ ಇದ್ದ ಅಂತ ಮಾಡಿದ್ದೆ ನಾನ್."

ಅವರು ಹೊರಟಾಗ ಬಿಸಿಲು ಇಳಿದಿತ್ತು. ಹೆಮ್ಮಾಡಿಯಲ್ಲಿ ಗಾಡಿ ನಡುಗಲಿಲ್ಲ. ತ್ರಾಸಿಯಲ್ಲಿ ನಡುಗಲಿಲ್ಲ. ಮರವಂತೆ ಬಂತು, ಎಡಗಡೆ ಕಡಲು ತಾಮ್ರದ ಹರಿವಾಣದ ಹಾಗೆ ಮಿನುಗುತ್ತಿತ್ತು. ವನಜ ಅಂಗೈ ಇಟ್ಟಳು. ಪಾಂಡುವಿನ ಬಲಗಾಲು, ಯಾರೂ ಹೇಳದೆ, ಹಳೆಯ ಅಭ್ಯಾಸದಂತೆ ಆ ಹದಕ್ಕೆ ಬಂದು ನಿಂತಿತು.

ಗಾಡಿ ಹೋಯಿತು. ಎಣ್ಣೆ ಸವರಿದಂತೆ, ನೀರ ಮೇಲಿನ ದೋಣಿಯಂತೆ, ಸದ್ದಿಲ್ಲದೆ ಹೋಯಿತು. ದೋಣಿ ಮಗುಚಿದ ಜಾಗ ಬಂತು, ಎದುರಾಯಿತು, ಹಿಂದೆ ಸರಿಯಿತು. ಅಂಗೈಯ ಕೆಳಗೆ ಬರೀ ಪ್ಲಾಸ್ಟಿಕ್ಕು ಇತ್ತು.

ಪಾಂಡು ಇಷ್ಟು ಸಮಯ ಅತ್ತಿರಲಿಲ್ಲ. ದಡ ಹುಡುಕಿದ ದಿನಗಳಲ್ಲೂ ಅತ್ತಿರಲಿಲ್ಲ. ಅಳುವವಳೊಬ್ಬಳು ಮನೆಯಲ್ಲಿದ್ದಳು, ಅವಳನ್ನು ಹಿಡಿದುಕೊಳ್ಳುವುದು ಅವನ ಕೆಲಸವಾಗಿತ್ತು. ದಿನಾ ಎರಡು ಹೊತ್ತು ತಾನೇ ಕಾಲಿನಿಂದ ತಂದುಕೊಡುತ್ತಿದ್ದ ಮಗ, ಹೆಂಡತಿಗೆಂದು ತರುತ್ತಿದ್ದ ಮಗ, ತನಗೂ ಬಂದು ಹೋಗುತ್ತಿದ್ದ ಎಂಬುದು ಅವನಿಗೆ ಈಗ, ಈ ನಯವಾದ ಓಟದಲ್ಲಿ, ತಿಳಿಯಿತು. ಅವನ ಬಲಗಾಲು ನಡುಗತೊಡಗಿತು. ಮೊದಲು ಪಾದ, ಆಮೇಲೆ ಮೊಣಕಾಲು, ಆಮೇಲೆ ತೊಡೆ. ಪೆಡಲಿನ ಮೇಲೆ ಪಾದ ನಿಲ್ಲದೆ ಗಾಡಿ ಎಳೆದೆಳೆದು ಮುಗ್ಗರಿಸಿತು.

ವನಜ ತಿರುಗಿ ನೋಡಿದಳು. ಡ್ಯಾಶ್‌ಬೋರ್ಡಿನ ಮೇಲಿದ್ದ ಕೈಯನ್ನು ಎತ್ತಿ ಅವನ ಮೊಣಕಾಲಿನ ಮೇಲೆ ಇಟ್ಟಳು.

"ಬದಿಗ್ ತಕಣಿ," ಎಂದಳು. "ನಿಲ್ಸಿ ಒಂಚೂರ್."

ಗಾಡಿ ಬದಿಗೆ ನಿಂತಿತು. ಅವನು ಸ್ಟೇರಿಂಗಿಗೆ ಹಣೆ ಕೊಟ್ಟು ಅತ್ತ. ಅವಳು ಕೈ ತೆಗೆಯಲಿಲ್ಲ. ತಡೆಗಲ್ಲಿಗೆ ತೆರೆಗಳು ಬಂದು ಬಡಿದು ಹಿಂದೆ ಹೋಗುತ್ತಿದ್ದವು. ಬಹಳ ಹೊತ್ತಿನ ಮೇಲೆ ಅವಳ ಅಂಗೈಯ ಕೆಳಗೆ ಆ ನಡುಕವೂ ಮೆಲ್ಲಮೆಲ್ಲನೆ ಅಡಗಿತು.

"ಚಂದಯ್ಯ ಭಾವನಿಗೆ ಹೇಳಿ ಕಳ್ಸಿ," ಎಂದಳು ವನಜ, ಕಡಲನ್ನೇ ನೋಡುತ್ತ. "ಬೊಂಬಿ ಮಾಡಿ ಕೆಲ್ಸ ಮುಗ್ಸುವ. ಬಪ್ಪ ಅಮಾಸಿಗೆ ಮಗನಿಗೆ ಬಡ್ಸುವ."

"ಹ್ಞೂಂ," ಎಂದ ಪಾಂಡು.

"ಬಂಗ್ಡಿ ನಾನೇ ಆರಿಸ್ತೆ. ಗುಲಾಬಿ ಹತ್ರ ಒಂದ್ ಹಿಡಿ ಸಿಗಡಿ ಕೇಂಬ, ಕದ್ದ್ ತಿಂದವ ಅಲ್ದಾ. ಹುಳಿ ಒಂಚೂರ್ ಮುಂದಾಯ್ಕ್ ಅವ್ನಿಗೆ." ಅವಳ ದನಿ ಅಲ್ಲಿ ಕಡಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡು, ತೆಗೆದು, ಮತ್ತೆ ಹೇಳಿದಳು: "ಉಂಡ್ಕಂಡ್ ಹೋಗ್ಲಿ."

ಪಾಂಡು ಅಂಗಿಯ ತೋಳಿನಲ್ಲಿ ಮುಖ ಒರೆಸಿಕೊಂಡ. ಗೇರು ಹಾಕಿ ಬಲಗಾಲನ್ನು ಪೆಡಲಿನ ಮೇಲಿಟ್ಟ. ಗಾಡಿ ಸದ್ದಿಲ್ಲದೆ ಕೊಡೇರಿಯ ಕಡೆಗೆ ಹೊರಟಿತು. ಮನೆಯ ಅಂಗಳ ಮುಟ್ಟುವ ತನಕ ವನಜಳ ಕೈ ಅವನ ಮೊಣಕಾಲಿನ ಮೇಲೆಯೇ ಇತ್ತು.